ಹಿತ್ತಲಿನ ಹೆಜ್‌ಹಾಗ್ ಚಳಿಗಾಲ ದಾಟಬೇಕಾದರೆ: ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ನವೆಂಬರ್ ಹತ್ತಿರವಾಗುತ್ತಿದ್ದಂತೆ ಪರಿಚಯದ ಕನ್ನಡ ಕುಟುಂಬಗಳಿಂದ ನನಗೆ ಒಂದೇ ಬಗೆಯ ಕರೆಗಳು ಬರತೊಡಗುತ್ತವೆ. “ಅಕ್ಕಾ, ನಮ್ಮ ಹಿತ್ತಲಿಗೆ ಸಣ್ಣದೊಂದು ಹೆಜ್‌ಹಾಗ್ ಬಂದಿದೆ. ಹೊರಗೆ ಈ ಪಾಟಿ ಚಳಿ. ಒಳಗೆ ತಂದು ಹೀಟರ್ ಪಕ್ಕದಲ್ಲಿ ಇಟ್ಟುಕೊಳ್ಳಲೇ?” ಎಂದು ಕೇಳುವವರ ದನಿಯಲ್ಲಿ ಕಳಕಳಿ ತುಂಬಿರುತ್ತದೆ. ಆರೋಗ್ಯವಾಗಿರುವ, ಮೈತುಂಬಿಕೊಂಡಿರುವ ಪ್ರಾಣಿಯಾದರೆ ಬೇಡ ಎನ್ನುತ್ತೇನೆ. ತೀರಾ ಸಣ್ಣದಾಗಿದ್ದರೆ, ಅಥವಾ ಹಗಲಿನಲ್ಲಿ ತೂರಾಡುತ್ತಿದ್ದರೆ, ಈಗಲೇ ಒಳಗೆ ತನ್ನಿ ಎನ್ನುತ್ತೇನೆ. ಇವೆರಡರ ನಡುವಿನ ವ್ಯತ್ಯಾಸವನ್ನು ಗುರುತಿಸುವುದು ಹೇಗೆ, ಚಳಿ ಬರುವ ಮೊದಲೇ ಹಿತ್ತಲನ್ನು ಸಜ್ಜುಗೊಳಿಸುವುದು ಹೇಗೆ ಎಂಬುದನ್ನು ಹನ್ನೊಂದು ಚಳಿಗಾಲಗಳ ಅನುಭವದಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ನಮ್ಮಲ್ಲಿ ಅನೇಕರು ಇದನ್ನು ಮುಳ್ಳುಹಂದಿ ಎಂದು ಕರೆಯುತ್ತಾರೆ. ಮಲೆನಾಡಿನ ತೋಟಗಳಲ್ಲಿ ಗೆಡ್ಡೆ ಅಗೆದು ತಿನ್ನುವ, ಮೊಳದುದ್ದದ ಮುಳ್ಳುಗಳಿರುವ ಮುಳ್ಳುಹಂದಿಯೇ ಬೇರೆ. ಅದು ಇಲಿ, ಅಳಿಲುಗಳ ಬಳಗಕ್ಕೆ ಸೇರಿದ್ದು. ಹೆಜ್‌ಹಾಗ್ ಅಂಗೈ ಎರಡನ್ನು ಜೋಡಿಸಿದರೆ ಅದರಲ್ಲಿ ಹಿಡಿಯುವಷ್ಟು ದೊಡ್ಡದು, ಅದರ ಮುಳ್ಳುಗಳು ಗಿಡ್ಡ, ಮುಖ್ಯ ಆಹಾರವೆಲ್ಲ ಹುಳುಹುಪ್ಪಟೆ. ತಮಿಳುನಾಡಿನ ಒಣಸೀಮೆಯಲ್ಲಿ ಮದ್ರಾಸ್ ಹೆಜ್‌ಹಾಗ್ ಎಂಬ ಇದರ ಬಂಧುವಿದೆ, ಅದನ್ನು ಅಲ್ಲಿಯವರು ಮುಳ್ಳೆಲಿ ಎನ್ನುತ್ತಾರೆ. ಆದರೆ ಬ್ರಿಟನ್ನಿನ ಹಿತ್ತಲುಗಳಲ್ಲಿ ಕಾಣುವ ಪಶ್ಚಿಮ ಯುರೋಪಿನ ಹೆಜ್‌ಹಾಗಿನ ಪಾಡು ಆ ಬಂಧುವಿನ ಪಾಡಿನಂಥದ್ದಲ್ಲ. ಇಲ್ಲಿ ವರ್ಷದ ನಾಲ್ಕೈದು ತಿಂಗಳು ಅದಕ್ಕೆ ತಿನ್ನಲು ಏನೂ ಸಿಗುವುದಿಲ್ಲ.

ಚಳಿಗಾಲವನ್ನು ಅದು ಕಳೆಯುವ ಬಗೆ

ಇದನ್ನು ಅರ್ಥಮಾಡಿಕೊಳ್ಳದೆ ಮುಂದಿನ ಯಾವ ಹೆಜ್ಜೆಗೂ ಕಾರಣ ಹೊಳೆಯುವುದಿಲ್ಲ. ಹೆಜ್‌ಹಾಗ್ ತಿನ್ನುವ ಜೀರುಂಡೆ, ಕಂಬಳಿಹುಳು, ಎರೆಹುಳುಗಳು ನೆಲ ತಣ್ಣಗಾದೊಡನೆ ಮರೆಯಾಗುತ್ತವೆ. ಆಹಾರವಿಲ್ಲದ ಕಾಲವನ್ನು ದಾಟಲು ಹೆಜ್‌ಹಾಗ್ ಕಂಡುಕೊಂಡ ದಾರಿಯೇ ಶಿಶಿರನಿದ್ರೆ. ಸಾಮಾನ್ಯವಾಗಿ ನವೆಂಬರಿನಿಂದ ಮಾರ್ಚ್ ಮಧ್ಯದವರೆಗೆ ನಡೆಯುವ ಇದನ್ನು ನಿದ್ರೆ ಎನ್ನುವುದು ರೂಢಿಯ ಮಾತಷ್ಟೆ. ಎಚ್ಚರದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಇರುವ ಮೈಶಾಖ 10 ಡಿಗ್ರಿಗೂ ಕೆಳಗಿಳಿದು ಸುತ್ತಲಿನ ಹವೆಯ ಹತ್ತಿರಕ್ಕೆ ಬರುತ್ತದೆ. ನಿಮಿಷಕ್ಕೆ 190 ಸಲದಷ್ಟು ಬಡಿಯುತ್ತಿದ್ದ ಹೃದಯ 20ರ ಆಸುಪಾಸಿಗೆ ಇಳಿಯುತ್ತದೆ. ಉಸಿರು ಕೆಲವು ನಿಮಿಷಗಳಿಗೊಮ್ಮೆ ಮಾತ್ರ ಆಡುತ್ತದೆ. ಒಲೆಯ ಕೆಂಡವನ್ನು ಬೂದಿ ಮುಚ್ಚಿ ಬೆಳಗಿನವರೆಗೆ ಉಳಿಸಿಕೊಳ್ಳುತ್ತಿದ್ದ ನಮ್ಮ ಅಜ್ಜಿಯಂದಿರಂತೆ, ಮೈಯೊಳಗಿನ ಕೊಬ್ಬನ್ನು ಅದು ಹನಿಹನಿಯಾಗಿ ಉರಿಸುತ್ತದೆ.

ಈ ಉರಿ ಅತ್ಯಂತ ನಿಧಾನವಾಗಿರುವುದು ಗೂಡಿನೊಳಗಿನ ಹವೆ ಸುಮಾರು 4 ಡಿಗ್ರಿ ಇರುವಾಗ. ಅದಕ್ಕಿಂತ ಕೆಳಗಿಳಿದರೆ ಮೈ ಹೆಪ್ಪುಗಟ್ಟದಂತೆ ನೋಡಿಕೊಳ್ಳಲು ಹೆಚ್ಚು ಕೊಬ್ಬು ಬೇಕಾಗುತ್ತದೆ, ಮೇಲೇರಿದರೆ ದೇಹದ ವ್ಯಾಪಾರವೆಲ್ಲ ಚುರುಕಾಗಿ ಆಗಲೂ ಹೆಚ್ಚು ಕೊಬ್ಬು ಖರ್ಚಾಗುತ್ತದೆ. ಇಡೀ ಚಳಿಗಾಲ ಅದು ಒಂದೇ ಸಮನೆ ಮಲಗಿರುವುದೂ ಇಲ್ಲ. ವಾರ ಹತ್ತು ದಿನಗಳಿಗೊಮ್ಮೆ ಎಚ್ಚರವಾಗುತ್ತದೆ, ಕೆಲವೊಮ್ಮೆ ಎದ್ದು ಬೇರೆ ಗೂಡಿಗೆ ಹೋಗುವುದೂ ಉಂಟು. ತಣ್ಣಗಾದ ಮೈಯನ್ನು ಪ್ರತಿ ಸಲ ಮತ್ತೆ 35 ಡಿಗ್ರಿಗೆ ಏರಿಸುವುದೇ ಚಳಿಗಾಲದ ಅತಿ ದುಬಾರಿ ಕೆಲಸ. ಅದಕ್ಕೆಂದೇ ಭುಜಗಳ ನಡುವೆ ಕಂದುಬಣ್ಣದ ಬೇರೊಂದು ಬಗೆಯ ಕೊಬ್ಬು ಇರುತ್ತದೆ. ವಸಂತದಲ್ಲಿ ಹೊರಬರುವಾಗ ಅದರ ತೂಕದ ಮೂರನೇ ಒಂದು ಭಾಗದಷ್ಟು ಕರಗಿಹೋಗಿರುತ್ತದೆ.

ಆದ್ದರಿಂದ ಆರೋಗ್ಯವಂತ ಹೆಜ್‌ಹಾಗಿಗೆ ನಾವು ಒದಗಿಸಬೇಕಾದದ್ದು ಮೂರು: ಮಲಗುವ ಮುಂಚೆ ಮೈತುಂಬ ಕೊಬ್ಬು, ಮಲಗಿದ ಮೇಲೆ ಏರಿಳಿತವಿಲ್ಲದ ಒಣ ತಂಪು, ಮತ್ತು ಯಾರೂ ಎಬ್ಬಿಸದ ನೆಮ್ಮದಿ. ಮರದ ಗೂಡಿಗೆ ಹೀಟರ್ ಹಾಕುವುದು, ಬಿಸಿಲು ಬೀಳುವ ಕಡೆ ಗೂಡನ್ನು ಇಡುವುದು, ಮಲಗಿದೆಯೋ ಇಲ್ಲವೋ ಎಂದು ಮುಚ್ಚಳ ತೆಗೆದು ನೋಡುವುದು, ಇವೆಲ್ಲ ಅಕ್ಕರೆಯಿಂದಲೇ ಮಾಡುವ ಕೇಡುಗಳು.

ಮೊದಲ ಹೆಜ್ಜೆ: ಬೇಲಿಯಲ್ಲಿ ದಾರಿ (ಸೆಪ್ಟೆಂಬರ್ ಮುಗಿಯುವುದರೊಳಗೆ)

ಹೆಜ್‌ಹಾಗ್ ಒಂದೇ ಮನೆಯ ಹಿತ್ತಲನ್ನು ನಂಬಿ ಬದುಕುವುದಿಲ್ಲ. ಒಂದು ರಾತ್ರಿಯಲ್ಲಿ ಅದು ಒಂದೆರಡು ಕಿಲೋಮೀಟರ್ ಅಲೆಯಬಲ್ಲದು. ಅಂದರೆ ನಿಮ್ಮ ಬೀದಿಯ ಎಲ್ಲ ಹಿತ್ತಲುಗಳೂ ಸೇರಿ ಅದರ ಒಂದು ಮನೆ. ಬೇಲಿಯ ಬುಡದಲ್ಲಿ 13 ಸೆಂಟಿಮೀಟರ್ ಅಗಲ, 13 ಸೆಂಟಿಮೀಟರ್ ಎತ್ತರದ ಒಂದು ಕಿಂಡಿ ಸಾಕು. ಬಹುತೇಕ ಸಾಕುಪ್ರಾಣಿಗಳಿಗೆ ಅದು ಚಿಕ್ಕದು, ಹೆಜ್‌ಹಾಗಿಗೆ ಸರಿಯಾದ ಅಳತೆ. ಮರದ ಬೇಲಿಯಾದರೆ ಗರಗಸದಿಂದ ಕೊಯ್ದು ಅಂಚುಗಳನ್ನು ಉಜ್ಜಿ ನಯ ಮಾಡಿ. ಕಾಂಕ್ರೀಟ್ ಪಟ್ಟಿ ಇರುವ ಬೇಲಿಯಾದರೆ ಪಟ್ಟಿಯ ಕೆಳಗೆ ಮಣ್ಣನ್ನು ತೋಡಿ ದಾರಿ ಮಾಡಬಹುದು. ಬೇಲಿ ಯಾರಿಗೆ ಸೇರಿದ್ದು ಎಂಬುದನ್ನು ವಿಚಾರಿಸಿಕೊಂಡು, ನೆರೆಯವರನ್ನು ಕೇಳಿಯೇ ಕೊಯ್ಯಬೇಕು. ಈ ಊರಿಗೆ ಬಂದ ಹೊಸತರಲ್ಲಿ ಪಕ್ಕದ ಮನೆಯವರೊಡನೆ ನನಗಿದ್ದ ಸಂಬಂಧ ಬರೀ “ಹಲೋ”ಗೆ ನಿಂತುಹೋಗಿತ್ತು. ಕಿಂಡಿ ಕೊರೆಯಲೇ ಎಂದು ಕೇಳಲು ಹೋದ ಸಂಜೆ ಆ ಮನೆಯ ಹಿರಿಯಾಕೆ ನನ್ನನ್ನು ಒಳಗೆ ಕೂರಿಸಿ ಎರಡು ಗಂಟೆ ಮಾತನಾಡಿದರು. ಈ ಬರಹದಲ್ಲಿರುವ ಅರ್ಧ ತಿಳಿವಳಿಕೆ ಅವರಿಂದ ಬಂದದ್ದು.

ಬ್ರಿಟಿಷ್ ಹೆಜ್‌ಹಾಗ್ ಪ್ರಿಸರ್ವೇಷನ್ ಸೊಸೈಟಿ 1982ರಲ್ಲಿ ಹುಟ್ಟಿದ ಸಂಸ್ಥೆ. ಅದು ಮತ್ತು ಪೀಪಲ್ಸ್ ಟ್ರಸ್ಟ್ ಫಾರ್ ಎನ್‌ಡೇಂಜರ್ಡ್ ಸ್ಪೀಷೀಸ್ ಸೇರಿ 2011ರಲ್ಲಿ ಆರಂಭಿಸಿದ ‘ಹೆಜ್‌ಹಾಗ್ ಸ್ಟ್ರೀಟ್’ ಅಭಿಯಾನದ ಮುಖ್ಯ ಕೋರಿಕೆಯೇ ಇಂಥ ಕಿಂಡಿಗಳು. 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ಸಸ್ತನಿಗಳ ಕೆಂಪು ಪಟ್ಟಿಯಲ್ಲಿ ಹೆಜ್‌ಹಾಗ್ ಅಪಾಯದ ಅಂಚಿನ ಪ್ರಾಣಿಗಳ ವರ್ಗಕ್ಕೆ ಸೇರಿದೆ. ಹಳ್ಳಿಗಾಡಿನಲ್ಲಿ 2000ದಿಂದೀಚೆಗೆ ಅದರ ಸಂಖ್ಯೆ ಪ್ರದೇಶಕ್ಕೆ ತಕ್ಕಂತೆ ಶೇಕಡಾ 30ರಿಂದ 75ರವರೆಗೆ ಕುಸಿದಿದೆ ಎಂಬುದು ಈ ಸಂಸ್ಥೆಗಳ 2022ರ ವರದಿಯ ಅಂದಾಜು. ಊರುಗಳ ಹಿತ್ತಲುಗಳು ಹೆಜ್‌ಹಾಗಿಗೆ ಎಷ್ಟು ಮುಖ್ಯವಾಗಿವೆ ಎಂಬುದು ಇದರಿಂದಲೇ ತಿಳಿಯುತ್ತದೆ.

ಬಂದುಹೋಗುತ್ತಿದೆಯೇ ಎಂದು ತಿಳಿಯಲು ಹುಲ್ಲಿನ ಮೇಲೆ ಹಿಕ್ಕೆ ಹುಡುಕಿ. ಕಿರುಬೆರಳಿನ ಗಾತ್ರದ, ಕಪ್ಪಗೆ ಹೊಳೆಯುವ, ಒಳಗೆ ಜೀರುಂಡೆಯ ರೆಕ್ಕೆಯ ಚೂರುಗಳು ಮಿನುಗುವ ಹಿಕ್ಕೆ ಕಂಡರೆ ಅನುಮಾನ ಬೇಡ.

ಎರಡನೆಯ ಹೆಜ್ಜೆ: ಊಟ

ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಹಾಕುವ ಊಟಕ್ಕೆ ಬೇರೆ ಯಾವ ಸಹಾಯವೂ ಸಾಟಿಯಲ್ಲ. ಏನು ಹಾಕಬೇಕು ಎಂಬುದು ಸರಳ: ಮಾಂಸದಿಂದ ಮಾಡಿದ ಬೆಕ್ಕಿನ ಅಥವಾ ನಾಯಿಯ ಡಬ್ಬಿ ಆಹಾರ, ಇಲ್ಲವೇ ಬೆಕ್ಕಿನ ಮರಿಗಳಿಗೆ ಕೊಡುವ ಒಣ ಬಿಸ್ಕತ್ತು. ಹೆಜ್‌ಹಾಗಿಗೆಂದೇ ಮಾರುವ ಆಹಾರವನ್ನೂ ಹಾಕಬಹುದು, ಆದರೆ ಪೊಟ್ಟಣದ ಹಿಂದಿನ ಪಟ್ಟಿಯಲ್ಲಿ ಮಾಂಸ ಮೊದಲಿರುವುದನ್ನು ನೋಡಿಕೊಳ್ಳಿ. ಮಾಂಸ ಮನೆಯೊಳಕ್ಕೆ ತರದ ಸಸ್ಯಾಹಾರಿ ಕುಟುಂಬಗಳು ಒಣ ಬಿಸ್ಕತ್ತಿನ ಚೀಲವನ್ನು ಶೆಡ್ಡಿನಲ್ಲಿಟ್ಟು, ಅದಕ್ಕೆಂದೇ ಬೇರೆ ಬಟ್ಟಲನ್ನು ಬಳಸುವುದನ್ನು ಕಂಡಿದ್ದೇನೆ. ಅದು ಒಳ್ಳೆಯ ಏರ್ಪಾಡು.

ಹಾಲು ಮತ್ತು ಬ್ರೆಡ್ ಎಂದಿಗೂ ಬೇಡ. ಇದನ್ನು ಒತ್ತಿ ಹೇಳಲು ಕಾರಣವಿದೆ. ಮನೆಗೆ ಬಂದ ಜೀವಕ್ಕೆ ಹಾಲು ಇಡುವುದು ನಮ್ಮ ರಕ್ತದಲ್ಲಿ ಬಂದ ಗುಣ. ಮೊದಲ ವರ್ಷ ಇಲ್ಲಿಗೆ ಬಂದಿದ್ದ ನನ್ನ ತಾಯಿ, ಕತ್ತಲಲ್ಲಿ ಹಿತ್ತಲಿಗೆ ಬಂದ ಹೆಜ್‌ಹಾಗನ್ನು ಕಂಡ ಕೂಡಲೇ ತಟ್ಟೆಯಲ್ಲಿ ಹಾಲು ತಂದಿಟ್ಟರು. ಅದು ಚಪ್ಪರಿಸಿ ಕುಡಿದದ್ದನ್ನು ಕಂಡು ಅವರಿಗಾದ ಸಂತೋಷ ಅಷ್ಟಿಷ್ಟಲ್ಲ. ಮರುದಿನ ಹುಲ್ಲಿನ ಮೇಲೆ ಹಸಿರು ಭೇದಿ ಕಂಡಿತು. ಹಾಲಿನಲ್ಲಿರುವ ಲ್ಯಾಕ್ಟೋಸ್ ಅದಕ್ಕೆ ಜೀರ್ಣವಾಗುವುದಿಲ್ಲ. ಭೇದಿಯಿಂದ ಮೈಯ ನೀರು ಬತ್ತಿ ಸಣ್ಣ ಮರಿಗಳು ಸಾಯಲೂಬಹುದು. ನೀರಿಟ್ಟರೆ ಸಾಕು. ಅಂಗಡಿಗಳಲ್ಲಿ ಸಿಗುವ ಒಣಗಿದ ಮೀಲ್‌ವರ್ಮ್ ಹುಳುಗಳನ್ನೂ ರಾಶಿ ಸುರಿಯಬಾರದು. ಅವುಗಳಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಕಡಿಮೆ. ಮಕ್ಕಳು ಮಿಠಾಯಿಗೆ ಹಾತೊರೆಯುವಂತೆ ಹೆಜ್‌ಹಾಗ್ ಅವುಗಳಿಗೆ ಹಾತೊರೆದು ಬೇರೇನನ್ನೂ ಮುಟ್ಟದೆ ಕಾಲಕ್ರಮೇಣ ಮೂಳೆಗಳನ್ನೇ ಕೆಡಿಸಿಕೊಳ್ಳುತ್ತದೆ. ಉಪ್ಪು, ಖಾರ, ಎಣ್ಣೆ ಹಾಕಿದ ನಮ್ಮ ಅಡುಗೆಯ ಉಳಿಕೆಯೂ ಬೇಡ.

ಬಟ್ಟಲನ್ನು ಬಯಲಿನಲ್ಲಿಟ್ಟರೆ ಊಟವೆಲ್ಲ ಬೆಕ್ಕು ಮತ್ತು ನರಿಗಳ ಪಾಲಾಗುತ್ತದೆ. ಮುಚ್ಚಳವಿರುವ, ಸುಮಾರು ಅರ್ಧ ಮೀಟರ್ ಉದ್ದದ ಪ್ಲಾಸ್ಟಿಕ್ ಸಾಮಾನು ಪೆಟ್ಟಿಗೆಯೊಂದರ ಕಿರಿಯ ಬದಿಯಲ್ಲಿ 13 ಸೆಂಟಿಮೀಟರ್ ಚೌಕದ ಬಾಗಿಲು ಕೊಯ್ಯಿರಿ. ಕೊಯ್ದ ಅಂಚು ಚೂಪಾಗಿರುತ್ತದೆ, ಅದಕ್ಕೆ ದಪ್ಪ ಟೇಪ್ ಸುತ್ತಿ. ಒಳಗೆ ನೆಲಕ್ಕೆ ಹಳೆಯ ಪತ್ರಿಕೆ ಹಾಸಿ, ಬಾಗಿಲಿಂದ ದೂರದ ತುದಿಯಲ್ಲಿ ಬಟ್ಟಲನ್ನಿಡಿ, ಮುಚ್ಚಳದ ಮೇಲೆ ಎರಡು ಇಟ್ಟಿಗೆ ಹೇರಿ. ಬಾಗಿಲ ಮುಂದೆ, ಹೆಜ್‌ಹಾಗ್ ಸುತ್ತಿ ಬರುವಷ್ಟು ಜಾಗ ಬಿಟ್ಟು ಇನ್ನೊಂದು ಇಟ್ಟಿಗೆಯನ್ನಿಟ್ಟರೆ ಬೆಕ್ಕು ಹೊರಗೆ ಮಲಗಿ ಕೈಚಾಚಲಾಗುವುದಿಲ್ಲ. ಸಂಜೆ ಕತ್ತಲಾಗುವಾಗ ಹಾಕಿ, ಬೆಳಿಗ್ಗೆ ಉಳಿದದ್ದನ್ನು ತೆಗೆದು, ಪತ್ರಿಕೆ ಬದಲಿಸಿ, ಬಟ್ಟಲನ್ನು ಬಿಸಿನೀರಿನಲ್ಲಿ ತೊಳೆಯಿರಿ. ಒಂದೇ ಬಟ್ಟಲಿಗೆ ಹಲವು ಪ್ರಾಣಿಗಳು ಬಾಯಿ ಹಾಕುವುದರಿಂದ ರೋಗ ಹರಡುವುದು ಇಲ್ಲಿಯೇ. ಕೊಳಕು ಬಟ್ಟಲಿಡುವುದಕ್ಕಿಂತ ಊಟ ಹಾಕದಿರುವುದೇ ಲೇಸು.

ಊಟ ಹಾಕುತ್ತಿದ್ದರೆ ಅದು ಮಲಗುವುದನ್ನೇ ಮರೆತುಬಿಡುತ್ತದೆಯೇ ಎಂದು ಬಹಳ ಜನ ಆತಂಕಪಡುತ್ತಾರೆ. ನನ್ನ ಹಿತ್ತಲಿನಲ್ಲಂತೂ ಹಾಗಾದದ್ದಿಲ್ಲ. ಚಳಿ ಬಲಿತಾಗ ಬಟ್ಟಲು ತುಂಬಿದ್ದರೂ ಅವು ಹೋಗಿ ಮಲಗುತ್ತವೆ. ಬಟ್ಟಲು ಹಲವು ದಿನ ಹಾಗೆಯೇ ಉಳಿದರೆ ಪ್ರಮಾಣ ಇಳಿಸಿ, ಆದರೆ ಪೂರ್ತಿ ನಿಲ್ಲಿಸಬೇಡಿ. ನಡುವೆ ಎಚ್ಚರವಾದ ಒಂದಕ್ಕೆ ಒಂದು ಹಿಡಿ ಒಣ ಬಿಸ್ಕತ್ತು ಜೀವದಾನವಾಗಬಹುದು.

ಮೂರನೆಯ ಹೆಜ್ಜೆ: ಗೂಡು ಮತ್ತು ತರಗೆಲೆ

ತರಗೆಲೆಯನ್ನು ಕಸವೆಂದು ತಿಳಿದು ಚೀಲಗಳಲ್ಲಿ ತುಂಬಿ ಹೊರಗೆ ಕಳಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಹೆಜ್‌ಹಾಗ್ ಗೂಡು ಕಟ್ಟುವುದನ್ನು ನಾನು ರಾತ್ರಿ ಕ್ಯಾಮೆರಾದಲ್ಲಿ ನೋಡಿದ್ದೇನೆ. ಬಾಯಿತುಂಬ ಎಲೆ ಕಚ್ಚಿಕೊಂಡು ಬಂದು ಒಳಗೆ ತುರುಕಿ, ಮತ್ತೆ ಹೋಗಿ, ಮತ್ತೆ ತಂದು, ಒಂದೇ ರಾತ್ರಿಯಲ್ಲಿ ಮೂವತ್ತಕ್ಕೂ ಹೆಚ್ಚು ಸಲ ಓಡಾಡಿತು. ರಾಶಿ ಸಾಕಷ್ಟಾದ ಮೇಲೆ ಅದರ ನಡುವೆ ನುಸುಳಿ, ಅಲ್ಲಿಯೇ ಸುತ್ತಸುತ್ತ ತಿರುಗುತ್ತದೆ. ಮುಳ್ಳುಗಳು ಎಲೆಗಳನ್ನು ಬಾಚಿದಂತಾಗಿ ಅವೆಲ್ಲ ಒಂದರ ಮೇಲೊಂದು ಚಪ್ಪಟೆಯಾಗಿ ಕೂತು, ತಾಳೆಗರಿಯ ಕಟ್ಟಿನಂತೆ ಬಿಗಿಯಾದ ಗೋಡೆಯಾಗುತ್ತದೆ. ಮಳೆನೀರು ಒಳಗಿಳಿಯದು, ಹೊರಗಿನ ಹವೆ ಏರಿಳಿದರೂ ಒಳಗೆ ಅಷ್ಟಾಗಿ ತಟ್ಟದು. ಓಕ್, ಬೀಚ್, ಹಾರ್ನ್‌ಬೀಮ್ ಮುಂತಾದ ಮರಗಳ ನಡುಗಾತ್ರದ ಎಲೆಗಳು ಇದಕ್ಕೆ ಹೇಳಿಮಾಡಿಸಿದಂತಿರುತ್ತವೆ.

ಆದ್ದರಿಂದ ಹಿತ್ತಲಿನ ಸದ್ದಿಲ್ಲದ ಮೂಲೆಯಲ್ಲಿ, ಪೊದೆಯ ಬುಡದಲ್ಲೋ ಶೆಡ್ಡಿನ ಹಿಂದೆಯೋ, ಒಣ ಕಟ್ಟಿಗೆಗಳನ್ನು ಅಡ್ಡಾದಿಡ್ಡಿಯಾಗಿ ಒಟ್ಟಿ ಅದರ ಸುತ್ತಮುತ್ತ ತರಗೆಲೆಯ ರಾಶಿ ಬಿಟ್ಟರೆ ಅರ್ಧ ಕೆಲಸ ಮುಗಿಯಿತು. ಇದಕ್ಕೆ ಕಾಸಿನ ಖರ್ಚಿಲ್ಲ, ಮತ್ತು ಬಹಳ ಸಲ ಅಂಗಡಿಯ ಗೂಡಿಗಿಂತ ಹೆಜ್‌ಹಾಗಿಗೆ ಇದೇ ಹಿಡಿಸುತ್ತದೆ.

ಪೆಟ್ಟಿಗೆಯ ಗೂಡನ್ನೇ ಮಾಡುವುದಾದರೆ, ಬಣ್ಣ ಅಥವಾ ಮರದ ಔಷಧಿ ಬಳಿಯದ ದಪ್ಪ ಹಲಗೆ ತೆಗೆದುಕೊಳ್ಳಿ. ಒಳಗೆ ಸುಮಾರು 40 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರವಿರಲಿ. ಬಾಗಿಲು ಇಲ್ಲಿಯೂ 13 ಸೆಂಟಿಮೀಟರ್ ಚೌಕವೇ. ಬಾಗಿಲಿನಿಂದ ನೇರವಾಗಿ ಮಲಗುವ ಜಾಗಕ್ಕೆ ದಾರಿ ಇರಬಾರದು. ಒಂದಡಿ ಉದ್ದದ ಸುರಂಗವನ್ನೋ ಒಳಗೊಂದು ಅಡ್ಡಗೋಡೆಯನ್ನೋ ಇಟ್ಟರೆ ಗಾಳಿಯೂ ನೇರ ನುಗ್ಗದು, ನಾಯಿ ನರಿಗಳ ಮೂತಿಯೂ ತಲುಪದು. ಹಿಂಬದಿಯಲ್ಲಿ ಮೇಲುಗಡೆ ಒಂದೆರಡು ಸಣ್ಣ ಗಾಳಿರಂಧ್ರಗಳು ಬೇಕು, ಇಲ್ಲದಿದ್ದರೆ ಉಸಿರಿನ ತೇವ ಒಳಗೇ ನಿಂತು ಎಲೆಗಳು ಕೊಳೆಯುತ್ತವೆ. ಪೆಟ್ಟಿಗೆಯನ್ನು ನಾಲ್ಕು ಇಟ್ಟಿಗೆ ತುಂಡುಗಳ ಮೇಲೆ ಸ್ವಲ್ಪ ಎತ್ತರಿಸಿ, ಬಾಗಿಲಿಗೆ ಇಳಿಜಾರು ಕೊಡಿ. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಅದರ ಮೇಲೆ ರೆಂಬೆ, ಎಲೆ, ಮಣ್ಣು ಹಾಕಿ.

ಜಾಗದ ಆಯ್ಕೆಯಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಬಾಗಿಲು ಉತ್ತರ ಮತ್ತು ಈಶಾನ್ಯದ ಕೊರೆಯುವ ಗಾಳಿಗೆ ಬೆನ್ನು ಮಾಡಿರಬೇಕು. ಹಾಗೆಂದು ಪೆಟ್ಟಿಗೆಯನ್ನು ಹಗಲೆಲ್ಲ ಬಿಸಿಲು ಬೀಳುವ ಗೋಡೆಗೆ ಒರಗಿಸಿಡಬಾರದು. ಜನವರಿಯ ಬಿಸಿಲಿಗೆ ಗೂಡಿನೊಳಗೆ ಬೆಚ್ಚಗಾದರೆ ಹೆಜ್‌ಹಾಗ್ ವಸಂತ ಬಂತೆಂದು ಎದ್ದು ಹೊರಬಂದು, ಹುಳುವೊಂದೂ ಇಲ್ಲದ ಹಿತ್ತಲಿನಲ್ಲಿ ಕೊಬ್ಬನ್ನು ಸುಟ್ಟುಕೊಂಡು ಹಿಂದಿರುಗುತ್ತದೆ. ಪೊದೆಯ ನೆರಳು ಅದಕ್ಕೆ ಹಿತ. ಒಳಗೆ ಒಂದೆರಡು ಹಿಡಿ ಎಲೆ ಮಾತ್ರ ಹಾಕಿ, ಉಳಿದ ರಾಶಿಯನ್ನು ಬಾಗಿಲ ಹತ್ತಿರ ಬಿಡಿ. ಹೊಂದಿಸಿಕೊಳ್ಳುವ ಕೆಲಸ ಅದರದು. ಬಟ್ಟೆ, ಟವೆಲ್, ಹತ್ತಿ ಒಳಗಿಡಬೇಡಿ. ದಾರದ ಎಳೆ ಕಾಲಿಗೆ ಸುತ್ತಿಕೊಳ್ಳುತ್ತದೆ, ತೇವ ಹಿಡಿದರೆ ಆರುವುದಿಲ್ಲ.

ಮೊದಲ ವರ್ಷ ಯಾರೂ ಬರದಿದ್ದರೆ ಬೇಸರಿಸಬೇಡಿ. ನನ್ನ ಗೂಡಿಗೆ ಒಕ್ಕಲು ಬಂದದ್ದು ಮೂರನೆಯ ವರ್ಷ.

ನಾಲ್ಕನೆಯ ಹೆಜ್ಜೆ: ಬೆಂಕಿ, ಫೋರ್ಕು ಮತ್ತು ನಮ್ಮ ದೀಪಾವಳಿ

ನವೆಂಬರ್ 5ರ ಗೈ ಫಾಕ್ಸ್ ರಾತ್ರಿಗೆ ಇಲ್ಲಿ ಊರೂರಲ್ಲಿ ಬೆಂಕಿ ಹಾಕುತ್ತಾರೆ. ಕಾಮದಹನಕ್ಕೆ ಹುಡುಗರು ದಿನಗಟ್ಟಲೆ ಸೌದೆ ಒಟ್ಟುವಂತೆ ಇವರೂ ಮೊದಲೇ ರಾಶಿ ಒಟ್ಟುತ್ತಾರೆ. ಮಲಗಲು ಜಾಗ ಹುಡುಕುತ್ತಿರುವ ಹೆಜ್‌ಹಾಗಿಗೆ ಅದಕ್ಕಿಂತ ಚೆಂದದ ಮನೆ ಬೇರೊಂದಿಲ್ಲ. ಅಪಾಯ ಕಂಡಾಗ ಅದು ಓಡದೆ ಉಂಡೆಯಾಗುವ ಜೀವವಾದ್ದರಿಂದ ಬೆಂಕಿ ಹತ್ತಿದ ಮೇಲೆ ಅದಕ್ಕೆ ಉಳಿಗಾಲವಿಲ್ಲ. ರಾಶಿಯನ್ನು ಅದೇ ದಿನ ಒಟ್ಟಬೇಕು. ಮೊದಲೇ ಒಟ್ಟಿದ್ದರೆ ಹೊತ್ತಿಸುವ ಮುನ್ನ ಪೂರ್ತಿಯಾಗಿ ಬೇರೆ ಜಾಗಕ್ಕೆ ಎತ್ತಿ ಹಾಕಬೇಕು. ಅಷ್ಟಾದ ಮೇಲೂ ಟಾರ್ಚ್ ಹಿಡಿದು ಬುಡವನ್ನೆಲ್ಲ ನೋಡಿ, ಒಂದು ಪಕ್ಕದಿಂದ ಮಾತ್ರ ಬೆಂಕಿ ಹಚ್ಚಿ, ಇನ್ನೊಂದು ಪಕ್ಕವನ್ನು ಜನರಿಲ್ಲದಂತೆ ತೆರವಾಗಿಡಿ. ದೀಪಾವಳಿಯೂ ಈ ದಿನಗಳ ಆಸುಪಾಸಿನಲ್ಲೇ ಬರುತ್ತದೆ. ಹಿತ್ತಲಿನಲ್ಲಿ ಪಟಾಕಿ ಹಚ್ಚುವ ಮನೆಗಳಲ್ಲಿ ಪೊದೆ ಮತ್ತು ಎಲೆರಾಶಿಗಳಿಂದ ದೂರವಿರುವ ಜಾಗವನ್ನು ಆರಿಸಿಕೊಳ್ಳಿ. ನೆಲಚಕ್ರ, ಹೂಕುಂಡದ ತಂತಿ ಮತ್ತು ಕಾಗದದ ಚೂರುಗಳನ್ನು ಮರುದಿನ ಗುಡಿಸಿ ತೆಗೆಯಿರಿ.

ಗೊಬ್ಬರದ ರಾಶಿಗೆ ಫೋರ್ಕ್ ಚುಚ್ಚುವ ಮುನ್ನ ಕೋಲಿನಿಂದ ಮೆಲ್ಲಗೆ ಸರಿಸಿ ನೋಡಿ. ಎತ್ತರ ಹುಲ್ಲಿಗೆ ಸ್ಟ್ರಿಮ್ಮರ್ ಹಾಕುವ ಮುನ್ನ ಕೈಗವಸು ತೊಟ್ಟು ಬುಡವನ್ನು ಪರೀಕ್ಷಿಸಿ. ಆರೈಕೆ ಕೇಂದ್ರಗಳಿಗೆ ಬರುವ ಅತಿ ಘೋರ ಗಾಯಗಳು ಈ ಯಂತ್ರದವು. ಮಕ್ಕಳ ಫುಟ್‌ಬಾಲ್ ಬಲೆಯನ್ನು ಆಟ ಮುಗಿದ ಮೇಲೆ ಸುತ್ತಿಡಿ. ಕೊಳವಿದ್ದರೆ ಹತ್ತಿಬರಲು ಒಂದು ಒರಟು ಹಲಗೆಯನ್ನು ಇಳಿಬಿಡಿ. ಸ್ಲಗ್ ಹುಳುಗಳಿಗೆ ಹಾಕುತ್ತಿದ್ದ ಮೆಟಾಲ್ಡಿಹೈಡ್ ವಿಷದ ಗುಳಿಗೆಗಳನ್ನು ಹೊರಗೆ ಬಳಸುವುದು ಗ್ರೇಟ್ ಬ್ರಿಟನ್ನಿನಲ್ಲಿ 2022ರ ಮಾರ್ಚ್ 31ರಿಂದ ನಿಷಿದ್ಧ. ಶೆಡ್ಡಿನಲ್ಲಿ ಹಳೆಯ ಡಬ್ಬಿ ಉಳಿದಿದ್ದರೆ ಊರಿನ ಅಪಾಯಕಾರಿ ತ್ಯಾಜ್ಯದ ಕೇಂದ್ರಕ್ಕೆ ಒಪ್ಪಿಸಿ.

ಐದನೆಯ ಹೆಜ್ಜೆ: ತೂಗಿ ನೋಡುವುದು

ಹೆಜ್‌ಹಾಗ್ ಸಾಮಾನ್ಯವಾಗಿ ಬೇಸಿಗೆಯ ಮೊದಲಲ್ಲಿ ಮರಿ ಹಾಕುತ್ತದೆ. ಕೆಲವು ತಾಯಂದಿರು ಸೆಪ್ಟೆಂಬರ್ ಹೊತ್ತಿಗೆ ಎರಡನೆಯ ಸಲ ಹಾಕುತ್ತವೆ. ತಡವಾಗಿ ಹುಟ್ಟಿದ ಆ ಮರಿಗಳಿಗೆ ಕೊಬ್ಬು ಕೂಡಿಸಲು ಬೇಕಾದ ದಿನಗಳೇ ಸಿಗುವುದಿಲ್ಲ. ಶಿಶಿರನಿದ್ರೆಯಿಂದ ಏಳಬೇಕಾದರೆ ಕನಿಷ್ಠ 450 ಗ್ರಾಂ ಇರಬೇಕೆಂಬುದು ಹೆಜ್‌ಹಾಗ್‌ಗಳ ಅಧ್ಯಯನಕ್ಕೆ ಹೆಸರಾದ ಪ್ಯಾಟ್ ಮಾರಿಸ್ ಅವರ ಕೆಲಸದಿಂದ ಬಳಕೆಗೆ ಬಂದ ಅಳತೆ. ಕೆಲವು ಆರೈಕೆ ಕೇಂದ್ರಗಳು 600 ಗ್ರಾಂ ಆಗದೆ ಹೊರಗೆ ಬಿಡುವುದಿಲ್ಲ.

ತೂಗುವುದು ಕಷ್ಟವಲ್ಲ. ದಪ್ಪ ಕೈಗವಸು ತೊಟ್ಟು, ಎರಡೂ ಕೈಗಳನ್ನು ಅಡಿಗೆ ಹಾಕಿ ಎತ್ತಿ, ಅಡುಗೆಮನೆಯ ತಕ್ಕಡಿಯ ಮೇಲಿಟ್ಟ ಆಳವಾದ ಪಾತ್ರೆಯಲ್ಲಿ ಕೂರಿಸಿ. ಈ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬಾರದು, ಕೈಯನ್ನು ಸೋಪಿನಿಂದ ತೊಳೆಯಬೇಕು. ಆದರೆ ಆರೋಗ್ಯವಾಗಿ ಓಡಾಡುತ್ತಿರುವ ದಪ್ಪ ಹೆಜ್‌ಹಾಗನ್ನು ಕುತೂಹಲಕ್ಕೆಂದು ಹಿಡಿದು ತೂಗುವುದು ಬೇಡ. ಅಂಕಿಯ ಜೊತೆಗೆ ಆಕಾರವನ್ನೂ ನೋಡಿ. ಚೆನ್ನಾಗಿರುವ ಪ್ರಾಣಿ ಮೇಲಿನಿಂದ ದುಂಡಗೆ, ಹಲಸಿನ ಮಿಡಿಯಂತೆ ಕಾಣುತ್ತದೆ. ಸೊರಗಿದ್ದು ಉದ್ದುದ್ದವಾಗಿ ಕಂಡು, ತಲೆಯ ಹಿಂದೆ ಕುತ್ತಿಗೆಯ ಬಳಿ ತಗ್ಗು ಬಿದ್ದಿರುತ್ತದೆ.

ಅಕ್ಟೋಬರ್ ಮೊದಲ ಭಾಗದಲ್ಲಿ 350 ಗ್ರಾಂ ಇರುವ, ಚುರುಕಾದ ಮರಿಗೆ ಇನ್ನೂ ಕಾಲವಿದೆ. ರಾತ್ರಿ ತಪ್ಪದೆ ಊಟ ಹಾಕುತ್ತ ಗಮನಿಸಿ. ಅದೇ ತೂಕದ ಮರಿ ನವೆಂಬರಿನಲ್ಲಿ ಸಿಕ್ಕರೆ ಆರೈಕೆ ಕೇಂದ್ರಕ್ಕೆ ಕರೆ ಮಾಡಿ.

ಆರನೆಯ ಹೆಜ್ಜೆ: ನಡುಚಳಿಗಾಲದಲ್ಲಿ ಮಾಡಬೇಕಾದ ಅಲ್ಪ ಕೆಲಸ

ಡಿಸೆಂಬರಿನಿಂದ ಫೆಬ್ರುವರಿಯವರೆಗೆ ನಿಮ್ಮ ಮುಖ್ಯ ಕೆಲಸ ನೀರು. ಎಚ್ಚರವಾದ ಹೆಜ್‌ಹಾಗಿಗೆ ಊಟಕ್ಕಿಂತ ಮೊದಲು ನೀರು ಬೇಕು, ಹಿಮಗಟ್ಟಿದ ವಾರಗಳಲ್ಲಿ ಸುತ್ತಲಿನ ನೀರೆಲ್ಲ ಕಲ್ಲಾಗಿರುತ್ತದೆ. ಮಗುಚದ, ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು, ಹೆಪ್ಪುಗಟ್ಟಿದಾಗಲೆಲ್ಲ ಬದಲಿಸಿ.

ಗೂಡಿನಲ್ಲಿ ಯಾರಾದರೂ ಇದ್ದಾರೆಯೇ ಎಂದು ತಿಳಿಯಲು ಬಾಗಿಲಿಗೆ ಅಡ್ಡಲಾಗಿ ಒಂದು ಹುಲ್ಲುಕಡ್ಡಿ ನಿಲ್ಲಿಸಿದರೆ ಸಾಕು. ಬಿದ್ದಿದ್ದರೆ ಓಡಾಟವಿದೆ ಎಂದರ್ಥ. ಮುಚ್ಚಳ ತೆರೆಯಬೇಡಿ.

ಕೆಲಸ ಮಾಡುವಾಗ ತಿಳಿಯದೆ ಮಲಗಿದ ಹೆಜ್‌ಹಾಗಿನ ಗೂಡನ್ನು ಕೆದಕಿಬಿಟ್ಟರೆ ಗಾಬರಿಯಾಗಬೇಡಿ. ಅದು ಬಿಗಿಯಾಗಿ ಉಂಡೆಯಾಗಿದ್ದು ಗಾಯವಿಲ್ಲದಿದ್ದರೆ, ಅದೇ ಎಲೆಗಳನ್ನು ಹಾಗೆಯೇ ಮುಚ್ಚಿ, ಮೇಲೆ ಇನ್ನಷ್ಟು ಒಣ ಎಲೆ ಹಾಕಿ, ಹತ್ತಿರದಲ್ಲಿ ನೀರು ಮತ್ತು ಒಣ ಬಿಸ್ಕತ್ತು ಇಟ್ಟು ಹಿಂದೆ ಸರಿಯಿರಿ. ಮುಟ್ಟಿದಾಗ ತಣ್ಣಗಿದ್ದ ಮಾತ್ರಕ್ಕೆ ಸತ್ತಿದೆ ಎಂದು ತಿಳಿಯಬಾರದು. ಶಿಶಿರನಿದ್ರೆಯಲ್ಲಿರುವ ಪ್ರಾಣಿ ತಣ್ಣಗೇ ಇರುತ್ತದೆ, ಬೆರಳು ತಾಗಿದರೆ ಕೆಲ ಕ್ಷಣ ತಡೆದು ಮುಳ್ಳುಗಳು ನಿಧಾನವಾಗಿ ನಿಮಿರುತ್ತವೆ.

ತುರ್ತು ಹೊತ್ತಿನಲ್ಲಿ

ಹೆಜ್‌ಹಾಗ್ ರಾತ್ರಿಯ ಜೀವಿ. ಚಳಿಗಾಲದ ಹಗಲಿನಲ್ಲಿ ಅದು ಬಯಲಿನಲ್ಲಿ ಕೈಕಾಲು ಚಾಚಿ ಮಲಗಿದ್ದರೆ “ಪಾಪ, ಬಿಸಿಲು ಕಾಯಿಸಿಕೊಳ್ಳುತ್ತಿದೆ” ಎಂದು ಸುಮ್ಮನಾಗಬೇಡಿ. ಮೈಶಾಖ ಕುಸಿದು ಸಾವಿನ ಹತ್ತಿರವಿರುವ ಲಕ್ಷಣ ಅದು. ಕುಡಿದವರಂತೆ ತೂರಾಡುವುದು, ಮುಟ್ಟಿದರೂ ಉಂಡೆಯಾಗದಿರುವುದು, ಗೊರಗೊರ ಕೆಮ್ಮುವುದು, ಗಾಯ, ಮೈಮೇಲೆ ನೊಣ, ಇವುಗಳಲ್ಲಿ ಒಂದು ಕಂಡರೂ ತಡಮಾಡಬಾರದು.

ನಮಗೆ ಅಂಥದ್ದು ಎದುರಾದದ್ದು ಒಂದು ನವೆಂಬರ್ ಮಧ್ಯಾಹ್ನ. ಕಸದ ಡಬ್ಬಿಗಳ ಸಂದಿಯಲ್ಲಿ, ಒದ್ದೆ ಕಾಗದದ ಮೇಲೆ, ಕಿತ್ತಳೆ ಹಣ್ಣಿಗಿಂತ ತುಸು ದೊಡ್ಡದಾದ ಮರಿ ಒರಗಿ ಬಿದ್ದಿತ್ತು. ಕಣ್ಣು ಅರೆತೆರೆದಿತ್ತು, ಮೂಗಿನ ತುದಿ ಒಣಗಿತ್ತು, ಅಂಗೈಗೆ ತೆಗೆದುಕೊಂಡರೆ ಫ್ರಿಜ್ಜಿನಿಂದ ತೆಗೆದ ಆಲೂಗಡ್ಡೆಯಷ್ಟು ತಣ್ಣಗೆ. ತೂಕ 310 ಗ್ರಾಂ. ಅಂದು ನಾವು ಮಾಡಿದ ಕ್ರಮವನ್ನೇ ಇಲ್ಲಿ ಕೊಡುತ್ತೇನೆ.

ಕೈಗವಸು ತೊಟ್ಟು ಎತ್ತಿ, ಅಂಚು ಎತ್ತರವಾಗಿರುವ ರಟ್ಟಿನ ಡಬ್ಬದಲ್ಲಿ ಹಳೆಯ ಟವೆಲ್ ಹಾಸಿ ಇಡಬೇಕು. ಡಬ್ಬ ಗಿಡ್ಡವಾದರೆ ಅದು ಹತ್ತಿ ಹೊರಬರುತ್ತದೆ. ರಬ್ಬರಿನ ಬಿಸಿನೀರಿನ ಚೀಲದಲ್ಲಿ ಕುದಿಯುವ ನೀರಲ್ಲ, ಕೈಗೆ ಹಿತವಾಗುವಷ್ಟು ಬಿಸಿನೀರು ತುಂಬಿ, ಟವೆಲಿನಲ್ಲಿ ಸುತ್ತಿ, ಡಬ್ಬದ ಅರ್ಧಭಾಗಕ್ಕೆ ಮಾತ್ರ ಹಾಸಬೇಕು. ಸೆಕೆಯಾದರೆ ಅದು ಸರಿದುಕೊಳ್ಳಲು ಉಳಿದರ್ಧ ತಣ್ಣಗಿರಬೇಕು. ಮೇಲೆ ಇನ್ನೊಂದು ಬಟ್ಟೆ ಹೊದಿಸಿ, ಕತ್ತಲಾದ ಸದ್ದಿಲ್ಲದ ಕೋಣೆಯಲ್ಲಿಟ್ಟು, ನೀರು ತಣ್ಣಗಾಗುವ ಮೊದಲೇ ಚೀಲವನ್ನು ಮತ್ತೆ ತುಂಬುತ್ತಿರಬೇಕು. ಆರಿಹೋದ ಚೀಲ ಮೈಯ ಬಿಸಿಯನ್ನೇ ಹೀರುತ್ತದೆ. ಪಕ್ಕದಲ್ಲಿ ಆಳವಿಲ್ಲದ ಬಟ್ಟಲಲ್ಲಿ ನೀರಿರಲಿ, ಬಾಯಿಗೆ ಹನಿ ಹಾಕುವ ಸಾಹಸ ಬೇಡ, ಉಸಿರಿನ ನಾಳಕ್ಕೆ ಹೋಗಬಹುದು. ತಣ್ಣಗಿರುವ ಪ್ರಾಣಿಗೆ ಊಟವನ್ನೂ ಇಡಬಾರದು. ಮೈ ಬೆಚ್ಚಗಾಗದೆ ಅದಕ್ಕೆ ಜೀರ್ಣಿಸುವ ಶಕ್ತಿಯಿಲ್ಲ. ಮಕ್ಕಳು ಮತ್ತೆ ಮತ್ತೆ ಬಗ್ಗಿ ನೋಡದಂತೆ ತಡೆಯಬೇಕು. ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಅದೇ.

ಡಬ್ಬ ಸಿದ್ಧವಾದ ಕೂಡಲೇ ಕರೆ ಮಾಡಿ. ಬ್ರಿಟಿಷ್ ಹೆಜ್‌ಹಾಗ್ ಪ್ರಿಸರ್ವೇಷನ್ ಸೊಸೈಟಿಯನ್ನು ಕೇಳಿದರೆ ಹತ್ತಿರದ ಆರೈಕೆದಾರರ ವಿವರ ಕೊಡುತ್ತಾರೆ. ಅದು ಆಗದಿದ್ದರೆ ಪಶುವೈದ್ಯರ ಚಿಕಿತ್ಸಾಲಯಕ್ಕೆ ಫೋನ್ ಮಾಡಿ. ಗಾಯಗೊಂಡ ಕಾಡುಪ್ರಾಣಿಯ ಪ್ರಥಮ ಚಿಕಿತ್ಸೆಗೆ ಸಾಮಾನ್ಯವಾಗಿ ಹಣ ಕೇಳುವುದಿಲ್ಲ. ನಾವು ಮೊದಲು ಫೋನ್ ಮಾಡಿದ ಕಡೆ ಯಾರೂ ಎತ್ತಲಿಲ್ಲ, ಎರಡನೆಯ ಕಡೆ ಜಾಗವಿಲ್ಲ ಎಂದರು, ಮೂರನೆಯವರು ತನ್ನಿ ಎಂದರು. ಈ ಆರೈಕೆದಾರರಲ್ಲಿ ಬಹುಪಾಲು ಜನ ಸ್ವಂತ ಮನೆಯ ಶೆಡ್ಡಿನಲ್ಲಿ, ಸ್ವಂತ ಹಣದಲ್ಲಿ ಈ ಕೆಲಸ ಮಾಡುವವರು. ಹೋಗುವಾಗ ಹಳೆಯ ಟವೆಲು, ಪತ್ರಿಕೆ, ಬೆಕ್ಕಿನ ಆಹಾರದ ಡಬ್ಬಿಗಳನ್ನು ಒಯ್ದರೆ ಅವರಿಗೆ ನಿಜಕ್ಕೂ ನೆರವಾಗುತ್ತದೆ. ಪ್ರಾಣಿ ಸಿಕ್ಕ ಜಾಗವನ್ನು ಬರೆದುಕೊಡಿ, ಗುಣವಾದ ಮೇಲೆ ಅದನ್ನು ಸಾಧ್ಯವಾದಷ್ಟೂ ಅಲ್ಲಿಗೇ ಬಿಡುತ್ತಾರೆ. ಮನೆಯಲ್ಲಿಯೇ ಇಟ್ಟು ಸಾಕುವ ಆಸೆ ಬೇಡ. ಶ್ವಾಸಕೋಶದ ಹುಳುವಿನಂಥ ಕಾಯಿಲೆಗಳಿಗೆ ಔಷಧಿ ಬೇಕು, ಅದು ಬರೀ ಅಕ್ಕರೆಯಿಂದ ವಾಸಿಯಾಗುವಂಥದ್ದಲ್ಲ.

ಮಾರ್ಚ್ ಬಂದಾಗ

ರಾತ್ರಿಗಳು ಸಡಿಲಗೊಂಡು ಹೆಜ್‌ಹಾಗ್‌ಗಳು ಹೊರಬರುವಾಗ ಅವು ಬಳಲಿ, ಬಾಯಾರಿ, ಮೂಳೆ ಬಿಟ್ಟುಕೊಂಡಿರುತ್ತವೆ. ಬಹಳ ಜನ ಚಳಿ ಮುಗಿಯಿತೆಂದು ಬಟ್ಟಲನ್ನು ಎತ್ತಿಡುವುದೂ ಇದೇ ಹೊತ್ತಿಗೆ. ಏಪ್ರಿಲ್ ಕೊನೆಯವರೆಗಾದರೂ ಊಟ ಮತ್ತು ನೀರನ್ನು ಮುಂದುವರಿಸಿ. ಗೂಡು ಖಾಲಿಯಾಗಿದೆ ಎಂದು ಹುಲ್ಲುಕಡ್ಡಿಯ ಪರೀಕ್ಷೆಯಿಂದ ವಾರಗಟ್ಟಲೆ ಖಚಿತಪಡಿಸಿಕೊಂಡ ಮೇಲೆ ಹಳೆಯ ಎಲೆಗಳನ್ನು ತೆಗೆದು, ಕುದಿಯುವ ನೀರು ಸುರಿದು, ಬಿಸಿಲಿಗೆ ಒಣಗಿಸಿ, ಮತ್ತೆ ಅದೇ ಜಾಗದಲ್ಲಿಡಿ. ಬೇಸಿಗೆಯಲ್ಲಿ ತಾಯಿ ಅಲ್ಲಿಯೇ ಮರಿ ಹಾಕಬಹುದಾದ್ದರಿಂದ ಆ ನಂತರ ಸೆಪ್ಟೆಂಬರ್ ಕೊನೆಯವರೆಗೆ ಅದನ್ನು ಮುಟ್ಟಬೇಡಿ.

ಆ 310 ಗ್ರಾಮಿನ ಮರಿಯನ್ನು ಏಪ್ರಿಲಿನ ಒಂದು ಸಂಜೆ ಅದೇ ಡಬ್ಬದಲ್ಲಿ ಮರಳಿ ತಂದೆವು. ತೂಕ 680 ಗ್ರಾಂ ಆಗಿತ್ತು. ಕತ್ತಲಾದ ಮೇಲೆ ಪೊದೆಯ ಹತ್ತಿರ ಡಬ್ಬವನ್ನು ಓರೆ ಮಾಡಿದಾಗ ಅದು ಸ್ವಲ್ಪ ಹೊತ್ತು ಗಾಳಿಯನ್ನು ಮೂಸಿ, ಎಲೆಗಳನ್ನು ಸರಬರ ಸದ್ದುಮಾಡುತ್ತ ದಾಟಿ, ಬೇಲಿಯ ಕಿಂಡಿಯಲ್ಲಿ ನುಸುಳಿ ಪಕ್ಕದ ಹಿರಿಯಾಕೆಯ ಹಿತ್ತಲಿಗೆ ಹೋಯಿತು. ಅವರು ಅಡುಗೆಮನೆಯ ದೀಪ ಆರಿಸಿ ಕಿಟಕಿಯ ಬಳಿ ಕಾದು ನಿಂತಿದ್ದರು.